ಮಾತು ನಿಧಾನ, ಕಾಯಿರಿ

ಹಾರ್ಗಿಲ್, 19 ಸೆಪ್ಟೆಂಬರ್ 2024

ಥೆಲ್ಮಾ,

ಫೋನ್ ಮಾಡಬೇಡ, ಮಾತಾಡಿದರೆ ಬಾಯಿತುಂಬ ಗಂಜಿ ಇಟ್ಟುಕೊಂಡವಳ ಹಾಗೆ ಕೇಳಿಸುತ್ತದೆ, ಕಾಗದ ಬರೆ ಎಂದು ನರ್ಸ್ ಕೈಲಿ ಹೇಳಿಸಿದ್ದೀಯ. ಸರಿ, ಬರೆಯುತ್ತಿದ್ದೇನೆ. ಮದುವೆಯಾದ ಈ ಹನ್ನೊಂದು ವರ್ಷದಲ್ಲಿ ನಾನು ನಿನಗೆ ಬರೆದದ್ದೆಂದರೆ ಅಡುಗೆಮನೆಯ ಮೇಜಿನ ಮೇಲೆ ‘ಹಾಲು ಮುಗಿದಿದೆ’ ಎಂಬ ಚೀಟಿ ಮಾತ್ರ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಇಲ್ಲಿ ಎಲ್ಲ ಚೆನ್ನಾಗಿದೆ. ಡೋರೀನ್ ಬೀಡಲ್‌ಳ ಕುರಿಗಳು ಮತ್ತೆ ಗೋಡೆ ಹಾರಿ ನಿನ್ನ ಕೋಸಿನ ಪಾತಿಗೆ ನುಗ್ಗಿದ್ದವು. ಅವಳ ಜಮೀನಿಗೆ ಹೋಗಿ ಹೇಳಿದರೆ, “ಗೋಡೆ ಕಟ್ಟೋನ ಮನೆ ಗೋಡೇನೇ ಹಿಂಗಿದ್ರೆ ಕುರಿ ಏನ್ ಮಾಡತ್ತೆ ಸೆಪ್?” ಎಂದಳು. ಈ ಕಣಿವೆಯ ಅರ್ಧ ಕಲ್ಲುಗೋಡೆಗಳನ್ನು ಕಟ್ಟಿದವನಿಗೆ ಈ ಮಾತು. ಆದರೂ ಅವಳ ಮೇಲೆ ಸಿಟ್ಟು ಮಾಡುವ ಹಾಗಿಲ್ಲ. ನಿನಗೆ ಲಕ್ವ ಹೊಡೆದ ದಿನ ನಾನು ಗುಡ್ಡದ ಮೇಲಿದ್ದೆ. ನೀನು ಕೊರಳಲ್ಲಿರುವ ಅಲಾರ್ಮಿನ ಗುಂಡಿ ಒತ್ತಿ, ಅಲಾರ್ಮ್ ಕೇಂದ್ರದವರು ಫೋನ್ ಮಾಡಿ ಹೇಳಿದಾಗ ಓಡಿ ಬಂದವಳು ಅವಳೇ.

ಇನ್ನೊಂದು ಸುದ್ದಿ. ನಮ್ಮ ಫೋನೂ ಡಿಜಿಟಲ್ ಆಯಿತು. ಹಳೆಯ ತಂತಿಯ ಲೈನುಗಳನ್ನು ದೇಶದ ತುಂಬ ನಿಲ್ಲಿಸುತ್ತಿದ್ದಾರಂತೆ. ಕಂಪನಿಯವರು ಒಂದು ರೂಟರನ್ನು ಅಂಚೆಯಲ್ಲಿ ಕಳಿಸಿದ್ದರು. ಫೋನನ್ನು ಗೋಡೆಯಿಂದ ಕಿತ್ತು ಅದಕ್ಕೆ ಸಿಕ್ಕಿಸಿದೆ. ಧ್ವನಿ ಬಹಳ ಸ್ಪಷ್ಟ. ಡೋರೀನ್ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ ಕೇಳಿಸುತ್ತದೆ; ಅದು ಒಳ್ಳೆಯದೋ ಕೆಟ್ಟದ್ದೋ ನೀನೇ ಹೇಳು. ಆ ಗುಂಡಿಯ ಅಲಾರ್ಮ್ ಪೆಟ್ಟಿಗೆಯನ್ನೂ ಅದಕ್ಕೇ ಸಿಕ್ಕಿಸಿದ್ದೇನೆ. ಹಸಿರು ದೀಪ ಉರಿಯುತ್ತಿದೆ.

ಚೆನ್ನಾಗಿ ಊಟ ಮಾಡು.

ಸೆಪ್


ಸಾಲ್ಟ್‌ಬರ್ನ್, 27 ಸೆಪ್ಟೆಂಬರ್

ಸೆಪ್,

ನಿನ್ನ ಕಾಗದವನ್ನು ಚಿಪೋಗೆ ಓದಲು ಕೊಟ್ಟೆ. ಈ ಆರೈಕೆ ಮನೆಯ ದೊಡ್ಡ ನರ್ಸ್ ಅವಳು. ಜಿಂಬಾಬ್ವೆಯವಳು, ನಗುವುದು ಕಡಿಮೆ. ಕುರಿಯ ವಿಷಯ ಬಂದಾಗ ನಕ್ಕಳು.

ಎಡಗಾಲು ಇನ್ನೂ ಎಳೆಯುತ್ತದೆ. ವಾಕರ್ ಹಿಡಿದು ಊಟದ ಕೋಣೆಯವರೆಗೆ ಹೋಗುತ್ತೇನೆ. ಮಾತು ಕಲಿಸಲು ಒಬ್ಬಳು ಹುಡುಗಿ ಬರುತ್ತಾಳೆ. ಪ ಪ ಪ, ತ ತ ತ ಎನ್ನಿಸುತ್ತಾಳೆ. ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸುತ್ತ, ಹಿಂದಿನ ಸೀಟಿನ ತುಂಟರಿಗೆ ಕೇಳುವಂತೆ ಕೂಗುತ್ತಿದ್ದ ಗಂಟಲು ಇದು. ಈಗ ನೀರು ಬೇಕೆಂದರೆ ಟೀ ತಂದುಕೊಡುತ್ತಾರೆ. ಎದುರಿನವರು ತಲೆ ಓರೆ ಮಾಡಿ ಪಾಪ ಎನ್ನುವ ಹಾಗೆ ನೋಡುತ್ತಾರಲ್ಲ, ಅದು ಬೇಡ ಎಂದೇ ಈಗೀಗ ಬಾಯಿ ಬಿಡುವುದನ್ನೇ ಬಿಟ್ಟಿದ್ದೇನೆ.

ಅಕ್ಟೋಬರ್ ಮಧ್ಯಕ್ಕೆ ಮನೆಗೆ ಕಳಿಸುತ್ತಾರಂತೆ. ಅದಕ್ಕೆ ಮೊದಲು ಅಧಿಕಾರಿಯೊಬ್ಬರು ಬಂದು ಮನೆ ನೋಡುತ್ತಾರೆ. ಮಂಚ ಕೆಳಗೆ ಇರಬೇಕು, ಮೆಟ್ಟಿಲಿಗೆ ಹಿಡಿಕೆ ಬೇಕು, ಅಲಾರ್ಮ್ ಇರಬೇಕು. ಅಲಾರ್ಮ್ ಇದ್ದೇ ಇದೆ. ಉಳಿದ ಎರಡು ನಿನ್ನ ಕೆಲಸ.

ಥೆಲ್ಮಾ


ಹಾರ್ಗಿಲ್, 8 ಅಕ್ಟೋಬರ್

ಥೆಲ್ಮಾ,

ಹಿಡಿಕೆ ಹಾಕಿದೆ. ಆನೆ ಜೋತುಬಿದ್ದರೂ ಅಲ್ಲಾಡುವುದಿಲ್ಲ. ಮಂಚವನ್ನು ಡೋರೀನ್ ಮತ್ತು ನಾನು ಕೆಳಗಿಳಿಸಿದೆವು. ಮಧ್ಯದ ತಿರುವಿನಲ್ಲಿ ಸಿಕ್ಕಿಕೊಂಡು ಅವಳು ಆಚೆ, ನಾನು ಈಚೆ, ಒಂದು ಗಳಿಗೆ ಇಬ್ಬರಿಗೂ ದಾರಿ ಇರಲಿಲ್ಲ.

ಆದರೆ ಅಕ್ಟೋಬರ್ ಮಧ್ಯಕ್ಕೆ ಆಗಲಿಕ್ಕಿಲ್ಲ. ಚಿಲ್ಲರೆ ಕೆಲಸ ಉಳಿದಿದೆ. ಚಿಮಣಿಯಲ್ಲಿ ತೇವ ಕಾಣಿಸಿಕೊಂಡಿದೆ. ನವೆಂಬರ್ ಎಂದು ಅವರಿಗೆ ಹೇಳು. ಅವಸರವೇನೂ ಇಲ್ಲವಲ್ಲ.

ನನ್ನ ಚಿಂತೆ ಬೇಡ. ಅರವತ್ತು ದಾಟುವವರೆಗೆ ಒಬ್ಬನೇ ಇದ್ದವನು, ಅಭ್ಯಾಸ ಹೋಗಿಲ್ಲ. ಬಟಾಣಿ ಸೂಪು ಮಾಡಿಕೊಳ್ಳುತ್ತೇನೆ. ಮನೆ ಬಹಳ ಶಾಂತವಾಗಿದೆ.

ಸೆಪ್


ಸಾಲ್ಟ್‌ಬರ್ನ್, 15 ಅಕ್ಟೋಬರ್

ಸೆಪ್,

ಕಾಗದ ತಲುಪಿತು. ಮನೆ ಶಾಂತವಾಗಿದೆ ಎಂದು ತಿಳಿಯಿತು.

ನವೆಂಬರ್ ಎಂದು ಹೇಳಿದ್ದೇನೆ. ಇಲ್ಲಿ ಖಾಯಂ ಇರುವವರ ಸಾಲಿನಲ್ಲಿ ಸಮುದ್ರದ ಕಡೆಯ ಕೋಣೆಯೊಂದು ಖಾಲಿಯಾಗಿದೆ. ಹೋಗಿ ನೋಡಿ ಬಂದೆ. ದೊಡ್ಡ ಕಿಟಕಿ. ಚಿಮಣಿ ಇಲ್ಲ.

ಥೆಲ್ಮಾ


ಹಾರ್ಗಿಲ್, 22 ಅಕ್ಟೋಬರ್

ಥೆಲ್ಮಾ,

ನಿನ್ನ ಕಾಗದ ಚಿಕ್ಕದಾಗಿತ್ತು. ಕೈ ನೋಯುತ್ತಿದೆಯೇನೋ.

ಸಮುದ್ರದ ಗಾಳಿ ಎದೆಗೆ ಒಳ್ಳೆಯದಂತೆ. ಆ ಕಿಟಕಿ ನಿನಗೆ ಹಿಡಿಸಿದ್ದರೆ ಇನ್ನಷ್ಟು ದಿನ ಇದ್ದು ಬಾ. ನಾನು ಬೇಡ ಎನ್ನುವುದಿಲ್ಲ. ಇಲ್ಲಿ ಎರಡು ಸಲ ಕರೆಂಟ್ ಹೋಗಿ ಬಂತು. ಚಿಮಣಿಯ ಕೆಲಸ ನಡೆಯುತ್ತಿದೆ.

ಸೆಪ್


ಸಾಲ್ಟ್‌ಬರ್ನ್, 30 ಅಕ್ಟೋಬರ್

ಸೆಪ್ಟಿಮಸ್ ಟಾಲೆಂಟೈರ್,

ಚಿಮಣಿಯಂತೆ ಚಿಮಣಿ.

ಮನೆ ನೋಡಲು ಬಂದಿದ್ದ ಅಧಿಕಾರಿ ನಿನ್ನೆ ನನ್ನ ಹಾಸಿಗೆಯ ಪಕ್ಕ ಕೂತು ಹೇಳಿದರು: “ಮಂಚ ಸರಿ ಇದೆ, ಹಿಡಿಕೆ ಸರಿ ಇದೆ. ಆದ್ರೆ ಅಲಾರ್ಮ್ ಕೆಲ್ಸ ಮಾಡೋವರ್ಗೂ ನಿಮ್ಮನ್ನ ಕಳ್ಸೋಕಾಗಲ್ಲ ಮಿಸೆಸ್ ಟಾಲೆಂಟೈರ್. ನಿಮ್ಮ ಯಜಮಾನ್ರು ಹೇಳಿಲ್ವಾ? ಪಾಪ, ದಿನಾ ಬೆಳಿಗ್ಗೆ ಫೋನ್ ಹಿಡ್ಕೊಂಡು ಕೂತಿರ್ತಾರೆ.”

ಕೇಳಬೇಕಾದ್ದು ನೂರು ಇತ್ತು, ಒಂದೂ ಹೊರಗೆ ಬರಲಿಲ್ಲ.

ನಿನಗೆ ನಿನ್ನ ಹಳೆಯ ಒಂಟಿ ಬದುಕು ಹಿತವಾಗಿದೆ, ಹೇಳಲು ಬಾಯಿಲ್ಲದೆ ಚಿಮಣಿ ತೋರಿಸುತ್ತಿದ್ದೀಯ ಎಂದುಕೊಂಡಿದ್ದೆ. ಆ ಕೋಣೆಗೆ ಆಗಲಿ ಎಂದು ತಲೆಯಾಡಿಸಿಯೂ ಬಿಟ್ಟಿದ್ದೆ. ಸೋಮವಾರ ಸಹಿ ಹಾಕಬೇಕಿತ್ತು. ಚಿಪೋ ಕೇಳಿದಳು, “ಸಮುದ್ರ ಇಷ್ಟಾನಾ?” ಇಲ್ಲ ಎಂದೆ. “ಮತ್ತೆ?” ಎಂದಳು.

ಆದದ್ದೇನು ಎಂದು ಪೂರ್ತಿ ಬರೆ. ಕೋಸಿನ ಸುದ್ದಿ, ಕುರಿಯ ಸುದ್ದಿ ಬೇಡ.

ಥೆಲ್ಮಾ


ಹಾರ್ಗಿಲ್, 4 ನವೆಂಬರ್

ಥೆಲ್ಮಾ,

ಪೂರ್ತಿ ಬರೆಯುತ್ತೇನೆ.

ಹಸಿರು ದೀಪ ನೋಡಿ ಎಲ್ಲ ಸರಿ ಇದೆ ಎಂದು ನಂಬಿದ್ದೆ. ನೀನು ಬರುವ ಮೊದಲು ಒಮ್ಮೆ ನೋಡೋಣ ಎಂದು ನಿನ್ನ ಗುಂಡಿ ಒತ್ತಿದೆ. ಪೆಟ್ಟಿಗೆ ಎಂದಿನಂತೆ ಕೀ ಕೀ ಎಂದು ಫೋನ್ ಹಚ್ಚಿತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದೆ, ಅದೇ. ಕೊನೆಗೆ ಪೆಟ್ಟಿಗೆಯೇ ಸುಮ್ಮನಾಯಿತು. ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ನೀನು ನೆಲದ ಮೇಲೆ ಬಿದ್ದುಕೊಂಡು ಅದನ್ನು ನೋಡುತ್ತಿರುವ ಹಾಗೆ ಕಣ್ಣಿಗೆ ಕಟ್ಟಿತು. ನಾನು ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅಲಾರ್ಮ್ ಕೇಂದ್ರಕ್ಕೆ ಫೋನ್ ಮಾಡಿದೆ. ಬ್ರಾಡ್‌ಫರ್ಡಿನ ರುಖ್ಸಾನಾ ಎಂಬವಳು ಸಿಕ್ಕಳು, ಒಳ್ಳೆಯ ಹೆಂಗಸು. “ಯಜಮಾನ್ರೇ, ನಿಮ್ಮದು ಹಳೇ ಪೆಟ್ಟಿಗೆ. ಅದರ ಕೀ ಕೀ ಸದ್ದು ಹೊಸ ಲೈನಿನಲ್ಲಿ ಕಲಸಿಹೋಗತ್ತೆ, ನಮಗೆ ತಲುಪಲ್ಲ. ಹೊಸ ಪೆಟ್ಟಿಗೆ ಕಳಿಸ್ತೀನಿ,” ಎಂದಳು. ಕಳಿಸಿದಳು. ಅದು ಕೆಲಸ ಮಾಡಿತು. ಮಾರನೆಯ ದಿನ ಗಾಳಿಗೆ ಕರೆಂಟ್ ಹೋಯಿತು. ರೂಟರ್ ಆರಿತು, ಫೋನ್ ಸತ್ತಿತು, ಅಲಾರ್ಮೂ ಸತ್ತಿತು. ಹಳೆಯ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಇಂಥ ರೋಗ ಇರಲಿಲ್ಲ. ಮೊಬೈಲ್ ಮೂಲಕ ಹೋಗುವ ಪೆಟ್ಟಿಗೆಗಳೂ ಇವೆಯಂತೆ. ಈ ಕಣಿವೆಯಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು.

ಹಾಗಾಗಿ ರೂಟರಿಗೆ ದೊಡ್ಡ ಬ್ಯಾಟರಿ ಬೇಕು. ಅಲಾರ್ಮ್ ಇರುವ, ಸಿಗ್ನಲ್ ಇಲ್ಲದ ಮನೆಗೆ ಫೋನ್ ಕಂಪನಿಯೇ ಕೊಡಬೇಕು. ಅವರಿಗೆ ಫೋನ್ ಮಾಡಿದೆ.

“ಲೈನ್ ಯಾರ ಹೆಸ್ರಲ್ಲಿದೆ ಸಾರ್?”

“ನನ್ನ ಹೆಂಡ್ತಿ ಹೆಸ್ರಲ್ಲಿ. ಮನೆ ಅವಳದ್ದು, ನಾನು ಆಮೇಲೆ ಬಂದೋನು.”

“ಹಾಗಾದ್ರೆ ಅವ್ರೇ ಮಾತಾಡ್ಬೇಕು.”

“ಅವಳಿಗೆ ಲಕ್ವ ಆಗಿದೆ, ಮಾತು ಸರಿಯಾಗಿ ಬರಲ್ಲ. ಅದಕ್ಕೇ ಅಲ್ವಾ ಅಲಾರ್ಮು ಬೇಕೇ ಬೇಕು ಅನ್ನೋದು.”

“ಅರ್ಥ ಆಗತ್ತೆ ಸಾರ್. ಆದ್ರೆ ಅವ್ರೇ ಮಾತಾಡ್ಬೇಕು.”

ಪ್ರತಿ ದಿನ ಬೇರೆ ಬೇರೆ ಹುಡುಗರು, ಅದೇ ಮಾತು. ನಾನು ಬೇಡಿದೆ, ಬೈದೆ, ಒಮ್ಮೆ ನಿನ್ನ ದನಿಯಲ್ಲಿ ಮಾತಾಡಲೂ ನೋಡಿದೆ. ಆ ಹುಡುಗ, “ಸಾರ್, ದಯವಿಟ್ಟು,” ಎಂದ.

ನಿನಗೆ ಏಕೆ ಹೇಳಲಿಲ್ಲ ಎಂದರೆ, ಹೇಳಿದ್ದರೆ ನೀನು ಫೋನ್ ಹಿಡಿಯಬೇಕಾಗುತ್ತಿತ್ತು. ನನ್ನ ಹತ್ತಿರವೇ ಫೋನಿನಲ್ಲಿ ಮಾತಾಡಲು ಒಲ್ಲದವಳನ್ನು ಆ ಹುಡುಗರ ಬಾಯಿಗೆ ಹೇಗೆ ಕೊಡಲಿ? ಬೇರೆ ದಾರಿ ಹುಡುಕಿಯೇ ತೀರುತ್ತೇನೆ ಎಂದುಕೊಂಡೆ. ಸಿಗಲಿಲ್ಲ. ನೀನು ಗುಂಡಿ ಒತ್ತಿದಾಗ ತೊಂದರೆಯಾಗದಿರಲಿ ಎಂದು ರುಖ್ಸಾನಾಗೆ ಹೇಳಿ ಅವರ ಕಂಪ್ಯೂಟರಿನಲ್ಲಿ ‘ಮಾತು ಬರುವುದಿಲ್ಲ, ಉತ್ತರಕ್ಕೆ ಕಾಯಬೇಡಿ, ನೆರೆಯವರನ್ನು ಕಳಿಸಿ’ ಎಂದು ಬರೆಸಿದ್ದೇನೆ.

ಮನೆ ಶಾಂತವಾಗಿದೆ ಎಂದು ಬರೆದದ್ದು ನೀನು ಚಿಂತಿಸಬಾರದೆಂದು. ನಿಜ ಹೇಳಬೇಕೆಂದರೆ ಈ ಶಾಂತಿಯನ್ನು ಯಾರಾದರೂ ಎತ್ತಿಕೊಂಡು ಹೋದರೆ ಸಾಕಾಗಿದೆ.

ಸೆಪ್


ಸಾಲ್ಟ್‌ಬರ್ನ್, 14 ನವೆಂಬರ್

ಸೆಪ್,

ಮಾತು ಬರುವುದಿಲ್ಲ ಎಂದು ಯಾರನ್ನು ಕೇಳಿ ಬರೆಸಿದೆ?

ಕಾಗದ ಓದಿದವಳೇ ಚಿಪೋಳ ಆಫೀಸಿಗೆ ಹೋದೆ. ಫೋನ್ ತೋರಿಸಿದೆ. “ನಾನು ಮಾತಾಡ್ಲಾ?” ಎಂದಳು. ತಲೆ ಅಲ್ಲಾಡಿಸಿದೆ. ಅವಳು ಎದ್ದು ತನ್ನ ಕುರ್ಚಿಯನ್ನೇ ಕೊಟ್ಟಳು.

ಮೊದಲ ಹುಡುಗನಿಗೆ ನನ್ನ ಹೆಸರೇ ತಿಳಿಯಲಿಲ್ಲ. ಕುಡಿದಿದ್ದೇನೆ ಎಂದುಕೊಂಡನೋ ಏನೋ, ಫೋನ್ ಇಟ್ಟ. ಎರಡನೆಯವಳು, “ಮನೇಲಿ ದೊಡ್ಡವ್ರು ಯಾರಾದ್ರೂ ಇದ್ದಾರಾ?” ಎಂದಳು. ಎಪ್ಪತ್ತಾರು ವರ್ಷದವಳಿಗೆ. ಮೂರನೆಯವನು ಪರವಾಗಿಲ್ಲ, ಹೆಸರು ಹಿಡಿದ, ವಿಳಾಸ ಹಿಡಿದ. ಆಮೇಲೆ ಗುರುತಿಗಾಗಿ ತಾಯಿಯ ತವರಿನ ಮನೆತನದ ಹೆಸರು ಕೇಳಿದ. ಕ್ರಾಸ್‌ಥ್‌ವೇಟ್. ನಾಲಿಗೆ ಸರಿ ಇರುವವರೇ ಎಡವುವ ಹೆಸರು. ನನ್ನ ಬಾಯಿಂದ ಬಂದದ್ದು ಏನೋ, ದೇವರಿಗೇ ಗೊತ್ತು. “ಕ್ಷಮಿಸಿ, ಅದು ಹೊಂದ್ತಾ ಇಲ್ಲ,” ಎಂದ.

ಕೋಣೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದೆ. ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಸಿಟ್ಟು ಬಂತು.

ಮಾತು ಕಲಿಸುವ ಹುಡುಗಿಗೆ ಪ ಪ ಪ ಸಾಕು, ನನಗೆ ಕ್ರಾಸ್‌ಥ್‌ವೇಟ್ ಕಲಿಸು ಎಂದು ಚೀಟಿ ಬರೆದುಕೊಟ್ಟೆ. ಅವಳು ಅದನ್ನು ನಾಲ್ಕು ತುಂಡು ಮಾಡಿದಳು. ತುಂಡು ತುಂಡಾಗಿ ಊಟದ ಕೋಣೆಗೆ ಹೋಗುತ್ತ, ಬರುತ್ತ, ಹಲ್ಲುಜ್ಜುತ್ತ ಹೇಳಿದೆ. ಪಕ್ಕದ ಹಾಸಿಗೆಯ ಮುದುಕಿ, “ಯಾರಮ್ಮ ಅವ್ನು, ಅಷ್ಟೊಂದು ಕರೀತೀಯಲ್ಲ?” ಎಂದಳು.

ಮಂಗಳವಾರ ಮತ್ತೆ ಫೋನ್ ಮಾಡಿದೆ. ಈ ಸಲ ಎತ್ತಿದವನಿಗೆ ಮೊದಲೇ ಹೇಳಿದೆ: “ನನ್ನ. ಮಾತು. ನಿಧಾನ. ಫೋನ್. ಇಡಬೇಡ. ನಾನೂ. ಇಡಲ್ಲ.” ಅವನು ಇಡಲಿಲ್ಲ. ಕ್ರಾಸ್‌ಥ್‌ವೇಟ್ ಎರಡನೇ ಸಲಕ್ಕೆ ಹೊಂದಿತು. ಇನ್ನು ಮುಂದೆ ನಿನ್ನ ಜೊತೆಯೂ ಅವರು ಮಾತಾಡುತ್ತಾರೆ. ಬ್ಯಾಟರಿ ಹಾಕುವವನು ಇದೇ ಇಪ್ಪತ್ತೊಂದಕ್ಕೆ ಬರುತ್ತಾನೆ. ಅವನೆದುರಿಗೇ ಕರೆಂಟ್ ತೆಗೆದು ಗುಂಡಿ ಒತ್ತು. ಕೆಲಸ ಮಾಡುವವರೆಗೂ ಅವನಿಗೆ ಟೀ ಕೊಡಬೇಡ.

ಅದೇ ಬಿಸಿಯಲ್ಲಿ ನಿನ್ನ ರುಖ್ಸಾನಾಗೂ ಮಾಡಿದೆ. ನೀನು ಬರೆಸಿದ್ದನ್ನು ಅಳಿಸಿ ‘ಮಾತು ನಿಧಾನ, ಕಾಯಿರಿ’ ಎಂದು ಬರೆಸಿದ್ದೇನೆ.

ಸಮುದ್ರದ ಕೋಣೆ ಬೇಡ ಎಂದು ಚಿಪೋಗೆ ಹೇಳಿದೆ, ಬಾಯಲ್ಲೇ.

ಥೆಲ್ಮಾ


ಹಾರ್ಗಿಲ್, 22 ನವೆಂಬರ್

ಥೆಲ್ಮಾ,

ಬ್ಯಾಟರಿ ಬಂತು. ಹಾಕಿದವನು ಹೊರಡಲು ಅವಸರದಲ್ಲಿದ್ದ. “ದೀಪ ಬಂತಲ್ಲ ಸಾರ್, ಆಯ್ತು,” ಎಂದ. ದೀಪದ ಮಾತು ನನ್ನ ಹತ್ತಿರ ಬೇಡ ಎಂದೆ. ಮೇನ್ ಸ್ವಿಚ್ ಆರಿಸಿ, ಅವನನ್ನು ಅಡುಗೆಮನೆಯಲ್ಲಿ ಕೂರಿಸಿ, ಗುಂಡಿ ಕೊರಳಿಗೆ ಹಾಕಿಕೊಂಡು ಸ್ನಾನದ ಮನೆಗೆ ಹೋಗಿ ಒತ್ತಿದೆ. ಆಮೇಲೆ ಮಹಡಿಯಿಂದ, ಆಮೇಲೆ ಹಿತ್ತಿಲ ಬಾಗಿಲಿಂದ. ಮೂರು ಸಲವೂ ಕೇಂದ್ರದಿಂದ ಉತ್ತರ ಬಂತು. ಮೂರನೆಯ ಸಲ ರುಖ್ಸಾನಾಳೇ ಇದ್ದಳು. “ಯಜಮಾನ್ರೇ, ನಿಮ್ಮ ಮನೆಯವರು ಫೋನ್ ಮಾಡಿದ್ರು. ನೀವು ಹೇಳಿದ ಹಾಗೆ ಏನೂ ಇಲ್ವಲ್ಲ, ಚೆನ್ನಾಗಿ ಬೈತಾರೆ,” ಎಂದಳು.

ಮಧ್ಯಾಹ್ನದವರೆಗೆ ಕರೆಂಟ್ ಹಾಕಲಿಲ್ಲ. ಪ್ರತಿ ಗಂಟೆಗೆ ಒಮ್ಮೆ ಒತ್ತಿದೆ. ಬ್ಯಾಟರಿ ತಡೆಯಿತು. ಆ ಹುಡುಗನಿಗೆ ಟೀಯೂ ಕೊಟ್ಟೆ, ಡೋರೀನ್ ಮಾಡಿದ ಕೇಕೂ ಕೊಟ್ಟೆ.

ಅಧಿಕಾರಿ ಒಪ್ಪಿದ್ದಾರೆ. ಗುರುವಾರ ಬಾ.

ಸೆಪ್


ಹಾರ್ಗಿಲ್, 27 ಜನವರಿ 2025

ಸೆಪ್,

ಈಗ ನೀನು ಆಸ್ಪತ್ರೆಯಲ್ಲಿ, ನಾನು ಮನೆಯಲ್ಲಿ. ರಸ್ತೆಯಲ್ಲಿ ಹಿಮ ಕರಗುವವರೆಗೆ ಬರಲಾಗುವುದಿಲ್ಲ, ವಾರ್ಡಿನ ಗದ್ದಲದಲ್ಲಿ ನಿನಗೆ ಫೋನಿನ ಮಾತು ಕೇಳಿಸುವುದಿಲ್ಲ. ನಿನಗೆ ಏನೂ ನೆನಪಿಲ್ಲ ಎಂದು ನರ್ಸ್ ಹೇಳಿದಳು, ಅದಕ್ಕೆ ಬರೆಯುತ್ತಿದ್ದೇನೆ.

ಶನಿವಾರ ಬೆಳಕು ಹರಿಯುವಾಗಲೇ ಬಿರುಗಾಳಿಗೆ ಕರೆಂಟ್ ಹೋಗಿತ್ತು. ತಿಂಡಿಯಾದ ಮೇಲೆ ನೀನು ಕಲ್ಲಿದ್ದಲು ತರಲು ಹಿತ್ತಿಲಿಗೆ ಹೋದೆ. ಬಕೆಟ್ ಉರುಳಿದ ಸದ್ದು ಕೇಳಿಸಿತು. ನೀನು ಬೈಯುವ ಸದ್ದು ಕೇಳಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ಬಾಗಿಲಿಗೆ ಬಂದು ನೋಡಿದರೆ ನೀನು ಮಂಜುಗಡ್ಡೆಯ ಮೇಲೆ ಕಾಲು ತಿರುಚಿ ಬಿದ್ದಿದ್ದೆ. ಗುಂಡಿ ಒತ್ತಿದೆ. ಪೆಟ್ಟಿಗೆ ಫೋನ್ ಹಚ್ಚಿತು. ಪೆಟ್ಟಿಗೆಯೊಳಗಿಂದ ಬಂದದ್ದು ರುಖ್ಸಾನಾಳ ದನಿ ಅಲ್ಲ, ಗುರುತಿಲ್ಲದ ಗಂಡು ದನಿ. “ಮಿಸೆಸ್ ಟಾಲೆಂಟೈರ್, ಏನಾಯ್ತು?” ಎಂದಿತು. ಬಾಯಿ ತೆರೆದೆ. ಹೆದರಿಕೆಗೆ ಇದ್ದ ಮಾತೂ ಹೋಗಿತ್ತು. ಬಂದದ್ದು ಬರೀ ಗಾಳಿ. ಬಿದ್ದವಳು ನಾನೇ ಎಂದುಕೊಂಡು ಡೋರೀನ್‌ಳನ್ನು ಮಾತ್ರ ಕಳಿಸಿ ಸುಮ್ಮನಾಗುತ್ತಾರೆ, ಆಂಬುಲೆನ್ಸ್ ಬರುವುದೇ ಇಲ್ಲ ಎನಿಸಿತು. ಆಗ ಅವನು ಹೇಳಿದ, “ನಿಮ್ಮ ಮಾತು ನಿಧಾನ ಅಂತ ಇಲ್ಲಿದೆ. ನಾನು ಎಲ್ಲೂ ಹೋಗಲ್ಲ. ಹೇಳಿ.”

“ನಾನಲ್ಲ,” ಎಂದೆ. ಅವನು ಕಾಯುತ್ತಿದ್ದ. “ಗಂಡ,” ಎಂದೆ. “ಹಿತ್ತಿಲು. ಮಂಜು. ಕಾಲು.” ಅವನು ಒಂದೊಂದನ್ನೂ ತಿರುಗಿ ಹೇಳಿ, “ಆಂಬುಲೆನ್ಸ್ ಹೊರಟಿತು, ನಿಮ್ಮ ನೆರೆಯವರಿಗೂ ಹೇಳ್ತಿದೀನಿ,” ಎಂದ.

ನಿಂತರೆ ನಾನೂ ಬೀಳುತ್ತೇನೆ. ಕೂತುಕೊಂಡೇ ಮೆಟ್ಟಿಲಿಳಿದು, ಹೊದಿಕೆ ಎಳೆದುಕೊಂಡು ಜಾರುತ್ತ ನಿನ್ನ ಹತ್ತಿರ ಬಂದೆ. ಡೋರೀನ್ ಟ್ರ್ಯಾಕ್ಟರಿನಲ್ಲಿ ಹಿಮ ತಳ್ಳುತ್ತ ಬಂದಳು, ಅದೇ ದಾರಿಯಲ್ಲಿ ಹಿಂದಿನಿಂದ ಆಂಬುಲೆನ್ಸ್ ಬಂತು. ಅಷ್ಟೇ ನಡೆದದ್ದು.

ನಾನು ಚೆನ್ನಾಗಿದ್ದೇನೆ. ಡೋರೀನ್ ದಿನಾ ಬರುತ್ತಾಳೆ.

ಥೆಲ್ಮಾ


ಡಾರ್ಲಿಂಗ್ಟನ್, 31 ಜನವರಿ

ಥೆಲ್ಮಾ,

ನೆನಪಿಲ್ಲ ಎಂದದ್ದು ನರ್ಸಿನ ಹತ್ತಿರ. ಎಲ್ಲ ಕೇಳಿಸಿತ್ತು. ಕಣ್ಣು ತೆರೆಯಲಾಗಲಿಲ್ಲ, ಅಷ್ಟೇ. ಬಾಗಿಲು ತೆರೆದಿತ್ತಲ್ಲ. ನೀನು ಒಂದೊಂದು ಮಾತು ಹೇಳುವಾಗಲೂ ಮುಂದಿನದು ಬರುತ್ತದೋ ಇಲ್ಲವೋ ಎಂದು ನಾನೂ ಕಾಯುತ್ತಿದ್ದೆ. ಎಲ್ಲ ಬಂದವು.

ಆಮೇಲೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀನು ಏನೇನು ಬೈದೆ ಎನ್ನುವುದೂ ಕೇಳಿಸಿತು. ಅಷ್ಟು ದೀರ್ಘವಾಗಿ ನೀನು ಮಾತಾಡಿ ಬಹಳ ದಿನವಾಗಿತ್ತು. ಎಲ್ಲಿ ನಿಲ್ಲಿಸಿಬಿಡುತ್ತೀಯೋ ಎಂದು ಕಣ್ಣು ಮುಚ್ಚಿಕೊಂಡೇ ಇದ್ದೆ.

ಸೊಂಟದ ಮೂಳೆಗೆ ಮೊಳೆ ಹಾಕಿದ್ದಾರೆ. ಇನ್ನೊಂದು ವಿಷಯ, ಈ ಸಲ ಮುಚ್ಚಿಡುವುದಿಲ್ಲ. ಕುಂಟರಿಬ್ಬರು ಆ ಮನೆಯಲ್ಲಿ ಹೇಗೆ ಇರುತ್ತೀರಿ ಎಂದು ಡಾಕ್ಟರು ಕೇಳಿದರು. ನಿನಗೆ ಭಾರವಾಗುವುದಕ್ಕಿಂತ ಕೆಲವು ತಿಂಗಳು ಎಲ್ಲಾದರೂ ಇರಲೇ? ನೀನು ಹೇಳಿದ ಹಾಗೆ ಮಾಡುತ್ತೇನೆ.

ಸೆಪ್


ಹಾರ್ಗಿಲ್, 5 ಫೆಬ್ರವರಿ

ಸೆಪ್,

ಡಾಕ್ಟರಿಗೆ ನಿನ್ನೆ ನಾನೇ ಫೋನ್ ಮಾಡಿದೆ. ಅವರಿಗೆ ಅವಸರವಿತ್ತು, ನನಗೆ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ, “ಸರಿ ಮಿಸೆಸ್ ಟಾಲೆಂಟೈರ್,” ಎಂದರು. ನೀನು ನಡಿಗೆ ಕಲಿತ ಮೇಲೆ ನೇರ ಮನೆಗೆ. ಬೇರೆಲ್ಲಿಗೂ ಅಲ್ಲ.

ನಿನ್ನ ಮಂಚವನ್ನೂ ಕೆಳಗಿಳಿಸಿದ್ದೇವೆ. ಡೋರೀನ್ ತನ್ನ ತಮ್ಮನನ್ನು ಕರೆತಂದಿದ್ದಳು, ತಿರುವಿನಲ್ಲಿ ಸಿಕ್ಕಿಕೊಳ್ಳಲಿಲ್ಲ. ಶುಕ್ರವಾರ ನಿನ್ನನ್ನು ನೋಡಲು ಬರುವುದಿಲ್ಲ, ಶನಿವಾರ ಬರುತ್ತೇನೆ. ಮೇಲಿನ ಕೇರಿಯಲ್ಲಿ ಅಲಾರ್ಮ್ ಇರುವ ಮೂರು ಮನೆಗಳ ಲೈನನ್ನು ಈ ತಿಂಗಳು ಬದಲಿಸುತ್ತಾರಂತೆ. ಡೋರೀನ್ ಕಾರು ಓಡಿಸುತ್ತಾಳೆ, ನಾನು ಮೇನ್ ಸ್ವಿಚ್ ಆರಿಸಿ ಗುಂಡಿ ಒತ್ತಿಸುತ್ತೇನೆ. ಫೋನ್ ಕಂಪನಿಯ ಜೊತೆ ಮಾತಾಡುವುದೂ ನಾನೇ.

ಬೇಡ ಎಂದು ನೀನು ರಗಳೆ ಮಾಡುತ್ತೀಯ ಎಂದು ಗೊತ್ತಿದ್ದರಿಂದ ಕೇಳದೆಯೇ ನಿನಗೂ ಒಂದು ಕೊರಳ ಗುಂಡಿ ತರಿಸಿದ್ದೇನೆ. ಪ್ರತಿ ಬೆಳಿಗ್ಗೆ ಅದನ್ನೂ ಒತ್ತಿ ನೋಡುತ್ತೇನೆ, ಕೆಲಸ ಮಾಡುತ್ತಿದೆ. ಎಲ್ಲೋ ಇಟ್ಟು ಮರೆತೇನು ಎಂದು ಸದ್ಯಕ್ಕೆ ಎರಡನ್ನೂ ನಾನೇ ಹಾಕಿಕೊಂಡಿದ್ದೇನೆ. ಆಲೂಗಡ್ಡೆ ಸುಲಿಯಲು ಬಗ್ಗಿದರೆ ಒಂದಕ್ಕೊಂದು ಬಡಿದು ಟಕ್ ಟಕ್ ಎನ್ನುತ್ತವೆ, ಕತ್ತು ಬೇರೆ ತುರಿಸುತ್ತದೆ. ಬೇಗ ಬಂದು ನಿನ್ನದನ್ನು ನೀನು ಹಾಕಿಕೋ.

ಥೆಲ್ಮಾ